ಠೇವಣಿ ಕಳೆದುಕೊಂಡ ಸುಬೇದಾರರು: ಸೇನೆಯಿಂದ ರಾಜ್ಯ ರಾಜಕಾರಣಕ್ಕೆ ಬಂದ ಒಬ್ಬರ ಪ್ರಕರಣ

2018ರ ಮೇ 15 ಕರ್ನಾಟಕ ವಿಧಾನಸಭೆಯ ಮತ ಎಣಿಕೆಯ ದಿನ. ಉತ್ತರ ಕರ್ನಾಟಕದ ಒಂದು ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತಿದ್ದ ನಿವೃತ್ತ ಸುಬೇದಾರರೊಬ್ಬರು ಅವತ್ತು ಠೇವಣಿ ಕಳೆದುಕೊಂಡರು. ಸಾಮಾನ್ಯ ವರ್ಗದ ಅಭ್ಯರ್ಥಿ ಕಟ್ಟುವ ಠೇವಣಿ 10,000 ರೂಪಾಯಿ. ಅದು ವಾಪಸ್ ಬರಬೇಕಾದರೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬೀಳಬೇಕು. ಇವರಿಗೆ ಬಿದ್ದದ್ದು ನೋಟಾಗಿಂತ ಸ್ವಲ್ಪ ಮೇಲೆ, ಅಷ್ಟೇ.

ಐದು ವರ್ಷ ಕಳೆದ ಮೇಲೆ ಅದೇ ಮನುಷ್ಯರನ್ನು ಒಂದು ದೊಡ್ಡ ಪಕ್ಷ ತನ್ನ ರಾಜ್ಯ ಮಟ್ಟದ ಮಾಜಿ ಸೈನಿಕರ ಘಟಕಕ್ಕೆ ಸೇರಿಸಿಕೊಂಡಿತು. ಶಾಸಕರಾಗಲಿಲ್ಲ. ಆದರೆ ತಮ್ಮ ಹೋಬಳಿಯಲ್ಲಿ ಅವರನ್ನು ಕೇಳದೆ ಪಕ್ಷ ಒಂದು ಬೂತ್ ಸಮಿತಿಯನ್ನೂ ಮಾಡುತ್ತಿರಲಿಲ್ಲ. ನಡುವೆ ಏನಾಯಿತು ಅನ್ನುವುದೇ ಈ ಪ್ರಕರಣ.

ನಾನು ಗ್ರಾಮ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದವನು. ಅವರನ್ನು ಹತ್ತಿರದಿಂದ ನೋಡುವ ಅವಕಾಶ ಹಾಗೆ ಸಿಕ್ಕಿತು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ರೆಜಿಮೆಂಟ್, ಜಾತಿ, ಪಕ್ಷ ಯಾವುದನ್ನೂ ಹೇಳಿಲ್ಲ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ಊರವರು ಕರೆಯುವ ಹಾಗೆ ನಾನೂ ಅವರನ್ನು ಸುಬೇದಾರರು ಅಂತಲೇ ಕರೆಯುತ್ತೇನೆ.

ಊರು ಬಿಟ್ಟಿದ್ದ 28 ವರ್ಷ

ಎಸ್ಸೆಸ್ಸೆಲ್ಸಿ ಮುಗಿಸಿ ಭರ್ತಿ ರ್‍ಯಾಲಿಗೆ ಹೋದವರು ಅವರು. ಸಿಪಾಯಿ ಆಗಿ ಸೇರಿ ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್ ಆಗಿ, ಕೊನೆಗೆ ಸುಬೇದಾರ್ ಆಗಿ 2015ರಲ್ಲಿ ನಿವೃತ್ತರಾದರು. ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನಿಂದ ಮೆರವಣಿಗೆ ಮಾಡಿದರು, ಹಾರ ಹಾಕಿದರು, ಶಾಲೆಯಲ್ಲಿ ಭಾಷಣ ಮಾಡಿಸಿದರು. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಧ್ವಜ ಹಾರಿಸಲು ಕರೆಯುವುದು ರೂಢಿಯಾಯಿತು.

ಈ ಗೌರವ ಸುಳ್ಳಲ್ಲ. ನಮ್ಮ ಕಡೆ ಸೈನಿಕನ ಮೇಲೆ ಜನಕ್ಕೆ ನಿಜವಾದ ಅಭಿಮಾನ ಇದೆ. ಆದರೆ ಅಭಿಮಾನ ಓಟಾಗಿ ಬೀಳುತ್ತದೆ ಅಂತ ಸುಬೇದಾರರು ಲೆಕ್ಕ ಹಾಕಿದರು. ಕೆರೆ ಹೂಳು ತುಂಬಿತ್ತು. ಶಾಲೆಯ ಕಾಂಪೌಂಡ್ ಬಿದ್ದು ಎಷ್ಟೋ ಕಾಲವಾಗಿತ್ತು. ನಾಡಕಚೇರಿಯಲ್ಲಿ ಒಂದು ಉತಾರಕ್ಕೆ, ಅಂದರೆ ಜಮೀನಿನ ಪಹಣಿಗೆ, ಜನ ದಿನವಿಡೀ ನಿಲ್ಲುತ್ತಿದ್ದರು. ಇದನ್ನೆಲ್ಲ ನೋಡಿ ಅವರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನೇರ ವಿಧಾನಸಭೆಗೆ ನಿಲ್ಲುವ ತೀರ್ಮಾನ ಮಾಡಿದರು.

ಅವರ ಎದುರಾಳಿಗಳ ಕಡೆ ಸ್ವಲ್ಪ ನೋಡಿ. ಒಬ್ಬರು ಸಹಕಾರಿ ಸೊಸೈಟಿಯಿಂದ ಬಂದವರು. ಆಮೇಲೆ ಎಪಿಎಂಸಿ, ಆಮೇಲೆ ಸಕ್ಕರೆ ಕಾರ್ಖಾನೆಯ ನಿರ್ದೇಶಕರು. ಇನ್ನೊಬ್ಬರು ಜಿಲ್ಲಾ ಪಂಚಾಯಿತಿಯಲ್ಲಿ ಪಳಗಿದವರು. ಸೇವೆಯಲ್ಲಿರುವ ಸೈನಿಕನಿಗೆ ಇಂಥ ಯಾವ ಅಭ್ಯಾಸಕ್ಕೂ ಅವಕಾಶ ಇರುವುದಿಲ್ಲ. 1950ರ ಸೇನಾ ಕಾಯ್ದೆ, 1954ರ ಸೇನಾ ನಿಯಮಗಳು ಅವನನ್ನು ರಾಜಕೀಯ ಸಭೆಯಿಂದ, ಪ್ರಚಾರದಿಂದ ದೂರ ಇಡುತ್ತವೆ. ಸಂವಿಧಾನದ 33ನೇ ವಿಧಿ ಅದಕ್ಕೆ ಅಧಿಕಾರ ಕೊಡುತ್ತದೆ. ಸೇನೆ ರಾಜಕೀಯದಿಂದ ದೂರ ಇರಬೇಕು ಅನ್ನುವುದು ನಮ್ಮ ಪ್ರಜಾಪ್ರಭುತ್ವದ ದೊಡ್ಡ ಬಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಿಂದ ನಲವತ್ತೈದು ದಾಟಿದ ಮನುಷ್ಯ ರಾಜಕೀಯದಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಾಗುತ್ತದೆ. ಸುಬೇದಾರರು ನೇರ ಕಾಲೇಜಿಗೆ ಅರ್ಜಿ ಹಾಕಿದ್ದರು.

2018: ಬೆಳಿಗ್ಗೆ ಆರು ಗಂಟೆಯ ಫಾಲ್-ಇನ್

ಪಕ್ಷೇತರರಾಗಿ ನಾಮಪತ್ರ ಹಾಕಲು ಕ್ಷೇತ್ರದ 10 ಮತದಾರರು ಸೂಚಕರಾಗಿ ಸಹಿ ಮಾಡಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬರು ಸಾಕು. ಆ ಹತ್ತು ಸಹಿ ಸುಲಭವಾಗಿ ಸಿಕ್ಕವು. ಕಾಗದಪತ್ರದ ವಿಷಯದಲ್ಲಿ ಅವರಷ್ಟು ಅಚ್ಚುಕಟ್ಟಾದ ಅಭ್ಯರ್ಥಿಯನ್ನು ಚುನಾವಣಾ ಸಿಬ್ಬಂದಿಯೇ ನೋಡಿರಲಿಲ್ಲವಂತೆ. ಖರ್ಚಿಗೆ ಬೇರೆ ಬ್ಯಾಂಕ್ ಖಾತೆ, ದಿನದ ಲೆಕ್ಕಕ್ಕೆ ಬಿಳಿ, ಗುಲಾಬಿ, ಹಳದಿ ಹಾಳೆಯ ರಿಜಿಸ್ಟರ್, ಎಲ್ಲವೂ ಸರಿಯಾಗಿತ್ತು. ಆಗ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 28 ಲಕ್ಷ ರೂಪಾಯಿ. ಅವರು ಅದರ ಹತ್ತಿರಕ್ಕೂ ಹೋಗಲಿಲ್ಲ, ಆದರೂ ಗ್ರ್ಯಾಚುಟಿಯ ಒಂದು ದೊಡ್ಡ ಪಾಲು ಕರಗಿತು.

ಜನರನ್ನು ನಡೆಸುವ ಕಡೆ ಮಾತ್ರ ಎಲ್ಲವೂ ಬಿಗಿ. ಪ್ರಚಾರಕ್ಕೆ ಬಂದ ಹುಡುಗರನ್ನು ಬೆಳಿಗ್ಗೆ ಆರಕ್ಕೆ ಸಾಲಾಗಿ ನಿಲ್ಲಿಸಿ ಹಾಜರಿ ಕೂಗುತ್ತಿದ್ದರು. ಯಾರು ಯಾವ ಓಣಿ, ಎಷ್ಟು ಮನೆ, ಎಷ್ಟು ಹೊತ್ತಿಗೆ ವಾಪಸ್ ಎಂಬುದೆಲ್ಲ ಚೀಟಿಯಲ್ಲಿ ಇರುತ್ತಿತ್ತು. ತಡವಾಗಿ ಬಂದವನಿಗೆ ಎಲ್ಲರೆದುರು ಬೈಗುಳ. ಹುಡುಗರು ಸಂಬಳಕ್ಕೆ ಬಂದವರಲ್ಲ, ಪ್ರೀತಿಗೆ ಬಂದವರು. ಮೊದಲ ವಾರ ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಜನ ಕಡಿಮೆಯಾಗಿದ್ದರು.

ಬ್ಯಾನರಿನದು ಇನ್ನೊಂದು ಕಥೆ. ಸಮವಸ್ತ್ರ, ಎದೆ ತುಂಬ ಪದಕ ಇರುವ ಹಳೇ ಫೋಟೋ ಹಾಕಿಸಿದ್ದರು. ಪ್ರಚಾರದಲ್ಲಿ ಸೇನಾ ಸಿಬ್ಬಂದಿಯ ಫೋಟೋ ಬಳಸಬೇಡಿ ಅಂತ ಚುನಾವಣಾ ಆಯೋಗ 2013ರಲ್ಲೇ ಪಕ್ಷಗಳಿಗೆ ಸೂಚನೆ ಕೊಟ್ಟಿತ್ತು, 2019ರಲ್ಲಿ ಮತ್ತೆ ನೆನಪಿಸಿತು. ಎದುರಾಳಿಯ ಕಡೆಯವರು ದೂರು ಕೊಟ್ಟರು, ಬ್ಯಾನರ್ ಇಳಿಯಿತು. ಅದು ತನ್ನದೇ ಫೋಟೋ, ತಾನು ದುಡಿದು ಗಳಿಸಿದ ಪದಕ ಅಂತ ಅವರಿಗೆ ತುಂಬಾ ನೋವಾಯಿತು. ಆದರೆ ಬ್ಯಾನರ್ ಇದ್ದಾಗಲೂ ಅದು ಕೆಲಸ ಮಾಡುತ್ತಿರಲಿಲ್ಲ. ಒಬ್ಬ ಅಜ್ಜಿ ಅದನ್ನು ನೋಡಿ, “ಇವರು ಪೊಲೀಸ್ನವರೇನ್ರಿ?” ಅಂತ ಕೇಳಿದ್ದನ್ನು ನಾನೇ ಕೇಳಿದ್ದೇನೆ.

ಮಾಜಿ ಸೈನಿಕರ ಓಟಿನ ಲೆಕ್ಕವೂ ಕೈಕೊಟ್ಟಿತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಿವೃತ್ತರಾಗಿ ಬಂದು ಚುನಾವಣೆಗೆ ನಿಲ್ಲುವವರು ಹೆಚ್ಚಾಗಿ ಇದನ್ನೇ ನಂಬುತ್ತಾರೆ. ಕ್ಷೇತ್ರದಲ್ಲಿ ಸೈನಿಕರ ಮನೆಗಳು ಕಡಿಮೆ ಏನಿರಲಿಲ್ಲ. ಆದರೆ ಸೇವೆಯಲ್ಲಿರುವವರು ಗಡಿಯಲ್ಲಿ, ಅವರ ಓಟು ಅಂಚೆ ಮತಪತ್ರದಲ್ಲಿ. ನಿವೃತ್ತರಲ್ಲಿ ಬಹಳ ಮಂದಿ ಮೀಸಲಾತಿಯಲ್ಲಿ ಎರಡನೇ ನೌಕರಿ ಹಿಡಿದಿದ್ದರು. ಒಬ್ಬ ಬ್ಯಾಂಕಿನಲ್ಲಿ ಗಾರ್ಡ್, ಒಬ್ಬ ಪೊಲೀಸ್ ಇಲಾಖೆಯಲ್ಲಿ, ಒಬ್ಬ ಶಾಲೆಯಲ್ಲಿ ಕ್ಲರ್ಕ್. ಸರ್ಕಾರಿ ನೌಕರ ಅಭ್ಯರ್ಥಿಯ ಪೋಲಿಂಗ್ ಏಜೆಂಟ್ ಆದರೆ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಅದೇ ಅಪರಾಧ. ಪ್ರಚಾರಕ್ಕೆ ಬಂದರೆ ನೌಕರಿಗೆ ಕುತ್ತು. ಹಾಗಾಗಿ ಅವರ ಪ್ರಾಣ ಸ್ನೇಹಿತರೇ ಮನೆಯೊಳಗೆ ಕೂತು ಹಾರೈಸಿದರು, ಹೊರಗೆ ಬರಲಿಲ್ಲ. ಉಳಿದ ನಿವೃತ್ತರು ಅವರವರ ಜಾತಿಯ, ನೆಂಟಸ್ತಿಕೆಯ ಅಭ್ಯರ್ಥಿಯ ಜೊತೆ ಹೋದರು.

ಊರೂರಲ್ಲಿ ಜನ ಕೇಳಿದ ಮೊದಲ ಪ್ರಶ್ನೆ “ನೀವು ಯಾರ ಪೈಕಿ?” ಅಂತ. ಸುಬೇದಾರರು “ನಾನು ಭಾರತದ ಪೈಕಿ” ಅನ್ನುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು. ಕೆಲವರು ಪಕ್ಕಕ್ಕೆ ಕರೆದು ಕ್ಯಾಂಟೀನಿನ ಮಿಲ್ಟ್ರಿ ಎಣ್ಣೆ ಸಿಗುತ್ತದಾ ಅಂತ ಕೇಳುತ್ತಿದ್ದರು. ಇಲ್ಲ ಅಂದರೆ ಮುಖ ತಿರುಗಿಸುತ್ತಿದ್ದರು.

ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ಒಬ್ಬ ಹಿರಿಯರು ಆಡಿದ ಮಾತು ಮಾತ್ರ ಅವರಿಗೆ ನಾಟಿತು. “ನಮ್ಮ ಮನಿ ಮದುವಿಗೆ ಬಂದಿಲ್ಲ, ನಮ್ಮ ಅಪ್ಪನ ಮಣ್ಣಿಗೆ ಬಂದಿಲ್ಲ. ಈಗ ಓಟಿಗೆ ಬಂದೀರಿ. ಬಂದ್ರೂ ನೀವು ಬರೇ ಹೇಳ್ತೀರಿ, ನಮ್ಮ ಮಾತು ಯಾವಾಗ ಕೇಳ್ತೀರಿ ಸಾಹೇಬ್ರ?”

ಗಡಿ ಕಾಯುತ್ತಿದ್ದವನು ಮದುವೆಗೆ ಹೇಗೆ ಬರಬೇಕು ಹೇಳಿ? ಈ ಮಾತಿನಲ್ಲಿ ಅನ್ಯಾಯ ಇದೆ. ಆದರೆ ಹಿರಿಯರು ಹೇಳಿದ್ದು ನಿಜ ಕೂಡ ಹೌದು.

ಸೋತ ಮೇಲೆ

ಫಲಿತಾಂಶದ ನಂತರ ಅವರ ಮುಂದೆ ಮೂರು ದಾರಿ ಇದ್ದವು. ರಾಜಕೀಯ ಬಿಟ್ಟು ಹೊಲ ನೋಡಿಕೊಳ್ಳುವುದು, ಇಲ್ಲವೇ ಮಾಜಿ ಸೈನಿಕ ಅನ್ನುವ ಹೆಸರಿಗಾಗಿ ಕರೆಯುತ್ತಿದ್ದ ಒಂದು ಪಕ್ಷ ಸೇರಿ ವೇದಿಕೆಯಲ್ಲಿ ಕೂರುವುದು, ಅದೂ ಬೇಡವಾದರೆ ಊರಲ್ಲೇ ಉಳಿದು ಕೆಳಗಿನಿಂದ ಶುರು ಮಾಡುವುದು.

ಇಲ್ಲಿ ನಿರ್ಧಾರ ಮಾಡಿದವರು ಅವರ ಹೆಂಡತಿ. 28 ವರ್ಷ ಒಬ್ಬರೇ ಮನೆ ನಡೆಸಿದವರು. ಗಂಡ ಹೋಗದ ಮದುವೆ, ಮಣ್ಣು, ತೊಟ್ಟಿಲು ಎಲ್ಲಕ್ಕೂ ಹೋಗಿದ್ದವರು. ಊರವರ ಬಾಯಲ್ಲಿ ಅವರು ಅಕ್ಕಾರು. ಅವರು ಎರಡು ಮಾತು ಹೇಳಿದರು. ಪೆನ್ಷನ್ ಹಣದಲ್ಲಿ ಒಂದು ರೂಪಾಯಿಯೂ ಇನ್ನು ಚುನಾವಣೆಗೆ ಹೋಗಬಾರದು ಅನ್ನುವುದು ಮೊದಲನೆಯದು. ದೊಡ್ಡ ಮಾತು ಬಿಟ್ಟು ಓಣಿಯ ಕೆಲಸ ಹಿಡಿಯಿರಿ ಅನ್ನುವುದು ಎರಡನೆಯದು. ಯಾವ ಮನೆಯಲ್ಲಿ ಯಾವ ತೊಂದರೆ ಇದೆ ಎಂಬ ಪಟ್ಟಿ ಅವರ ಬಳಿ ಬಾಯಿಪಾಠವಾಗಿ ಇತ್ತು.

ಆ ಪಟ್ಟಿಯ ಮೊದಲ ಹೆಸರು ಒಬ್ಬ ಸೈನಿಕನ ವಿಧವೆಯದು. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಶುರುವಾಗಿರಲಿಲ್ಲ. ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವ ಪದ್ಧತಿ ಇದೆಯಲ್ಲ, ಅದೇ ಕುತ್ತಿಗೆಗೆ ಬಂದಿತ್ತು. ಸೇನೆಯ ದಾಖಲೆಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು. ಇಬ್ಬರೂ ಒಬ್ಬರೇ ಅಂತ ತೋರಿಸುವ ಕಾಗದ ಎಲ್ಲೂ ಇರಲಿಲ್ಲ. ಸುಬೇದಾರರು ಆಕೆಯ ಟ್ರಂಕಿನಲ್ಲಿದ್ದ ಕಾಗದವನ್ನೆಲ್ಲ ಚಾಪೆ ಮೇಲೆ ಹರಡಿ ಕೂತರು. ಗಂಡನ ಡಿಸ್ಚಾರ್ಜ್ ಬುಕ್, ಪಿಂಚಣಿ ಮಂಜೂರಾತಿ ಆದೇಶ (ಪಿಪಿಒ), ಬ್ಯಾಂಕ್ ಪಾಸ್‌ಬುಕ್, ಅರಿಶಿನ ಹತ್ತಿದ ಮದುವೆ ಕಾರ್ಡ್ ಎಲ್ಲ ಅದರಲ್ಲಿದ್ದವು. ಆ ಕಾರ್ಡಿನಲ್ಲಿ ಎರಡೂ ಹೆಸರು ಅಚ್ಚಾಗಿದ್ದವು. ಅಫಿಡವಿಟ್ ಮಾಡಿಸಿ, ಕಾರ್ಡನ್ನು ಜೊತೆಗಿಟ್ಟು, ಜಿಲ್ಲಾ ಕೇಂದ್ರದ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಸೇನೆಯ ರೆಕಾರ್ಡ್ ಆಫೀಸಿಗೆ ಕಳಿಸಿದರು. ತಿಂಗಳುಗಟ್ಟಲೆ ಬೆನ್ನು ಹತ್ತಿದ ಮೇಲೆ ತಿದ್ದುಪಡಿ ಪಿಪಿಒ ಬಂತು. ಬಾಕಿ ಸಮೇತ ಪಿಂಚಣಿ ಖಾತೆಗೆ ಬಿತ್ತು.

ಸುದ್ದಿ ಹಬ್ಬಲು ಪೇಪರ್ ಬೇಕಾಗಲಿಲ್ಲ. ಸೈನಿಕರ ಮನೆಯವರು ಮೊದಲು ಬಂದರು, ಆಮೇಲೆ ಸೇನೆಗೂ ತಮಗೂ ಸಂಬಂಧವೇ ಇಲ್ಲದವರು ಬಂದರು. ಸಂಧ್ಯಾ ಸುರಕ್ಷಾ ನಿಂತುಹೋದವರು, ವಿಧವಾ ವೇತನ ಬರದವರು, ಉತಾರದಲ್ಲಿ ಹೆಸರು ತಪ್ಪಾದವರು. ಅವರ ಪಡಸಾಲೆಯಲ್ಲಿ ಒಂದು ಮರದ ಮೇಜು, ಎರಡು ಬೆಂಚು, ಒಂದು ದಪ್ಪ ರಿಜಿಸ್ಟರ್. ಬಂದ ದಿನ, ಹೆಸರು, ತೊಂದರೆ, ಯಾವ ಕಚೇರಿ, ಮುಂದಿನ ತಾರೀಕು ಅಂತ ಗೆರೆ ಎಳೆದ ಕಾಲಂಗಳು. ಕೊನೆಯ ಕಾಲಂ “ಆಯಿತು” ಅಂತ. ಅದು ತುಂಬದೆ ಹಾಳೆ ತಿರುವುತ್ತಿರಲಿಲ್ಲ.

ಸೇನೆಯ ಶಿಸ್ತು ಜನರಿಗೆ ಉಪಯೋಗಕ್ಕೆ ಬಂದದ್ದನ್ನು ನಾನು ಮೊದಲು ನೋಡಿದ್ದು ಇಲ್ಲಿ.

ಪಂಚಾಯಿತಿಯಲ್ಲಿ ಒಂದು ನೋಟಿಸ್

2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ. ಹೆಚ್ಚು ಖರ್ಚಿಲ್ಲದೆ ಗೆದ್ದರು. ಅಧ್ಯಕ್ಷ ಸ್ಥಾನ ಸಾಮಾನ್ಯ ವರ್ಗಕ್ಕೆ ಬಂದಿತ್ತು, ಮೊದಲ 30 ತಿಂಗಳಿಗೆ ಇವರನ್ನೇ ಆರಿಸಿದರು.

ಕುರ್ಚಿ ಸಿಕ್ಕ ಕೂಡಲೇ ಹಳೇ ಅಭ್ಯಾಸ ತಲೆ ಎತ್ತಿತು. ಒಂದು ಊರಿನ ವಾಟರ್‌ಮನ್ ಸರಿಯಾಗಿ ನೀರು ಬಿಡುತ್ತಿಲ್ಲ ಅಂತ ದೂರು ಬಂತು. ಸುಬೇದಾರರು ವಿಚಾರಿಸಲು ಹೋದ ಎರಡು ದಿನವೂ ಆತ ಇರಲಿಲ್ಲ. ಕಾರಣ ಕೇಳಿ ನೋಟಿಸ್ ಕೊಡಿಸಿದರು. “ಸರ್, ಒಂದೆರಡು ದಿನ ತಡೀರಿ” ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೇಳಿದರೂ ಕೇಳಲಿಲ್ಲ. ಆ ವಾಟರ್‌ಮನ್ ಊರಿನ ದೊಡ್ಡ ಮನೆತನಕ್ಕೆ ಸೇರಿದವನು. ಮುಂದಿನ ಸಾಮಾನ್ಯ ಸಭೆಗೆ ಸದಸ್ಯರೇ ಬರಲಿಲ್ಲ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಯಿತು. ಕ್ರಿಯಾ ಯೋಜನೆಗೆ ಒಪ್ಪಿಗೆ ಸಿಗಲಿಲ್ಲ, ನರೇಗಾ ಕೆಲಸ ನಿಂತಿತು.

ಈ ಗಂಟು ಬಿಚ್ಚಿದ ರೀತಿ ನನಗೆ ಇಡೀ ಪ್ರಕರಣದಲ್ಲೇ ಮುಖ್ಯ ಅನ್ನಿಸುತ್ತದೆ. ಅವರು ನೋಟಿಸ್ ವಾಪಸ್ ತೆಗೆದುಕೊಂಡು ಸುಮ್ಮನಾಗಲಿಲ್ಲ, ಎರಡನೇ ನೋಟಿಸನ್ನೂ ಕೊಡಲಿಲ್ಲ. ಸಂಜೆ ವಾಟರ್‌ಮನ್ ಮನೆಗೆ ಹೋದರು. ಚಹಾ ಬಂತು, ಕುಡಿದರು. ಮಾತು ನಿಧಾನಕ್ಕೆ ಹೊರಗೆ ಬಂತು. ಆತನಿಗೆ ತಿಂಗಳುಗಳಿಂದ ಸಂಬಳ ಆಗಿರಲಿಲ್ಲ. ಮನೆ ನಡೆಯಲು ಬೆಳಿಗ್ಗೆ ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ. ಪಂಚಾಯಿತಿಯಲ್ಲಿ ಕರ ವಸೂಲಿ ಆಗುತ್ತಿರಲಿಲ್ಲ, ಸಂಬಳ ಕೊಡಲು ದುಡ್ಡಿರಲಿಲ್ಲ.

ಅವತ್ತು ರಾತ್ರಿ ಅವರು ನನಗೆ ಫೋನ್ ಮಾಡಿದರು. “ಪಲ್ಟನ್ನಾಗ ಹುಡುಗ ಲೇಟ್ ಬಂದ್ರ ನಾನು ಮೊದಲ ಅವನ ಮನಿ ಸುದ್ದಿ ಕೇಳ್ತಿದ್ದೆ. ರಜೆಯಿಂದ ಬಂದವನನ್ನ ಕೂರಿಸಿಕೊಂಡು ತಾಯಿ ಹೆಂಗದಾಳ, ಹೊಲದ ಜಗಳ ಏನಾತು ಅಂತ ಕೇಳೂದು ಸುಬೇದಾರನ ಕೆಲಸ. ಇಲ್ಲಿ ಬಂದು ಅದನ್ನ ಬಿಟ್ಟು ಬರೇ ಹುಕುಂ ಹಿಡಕೊಂಡು ಕೂತೆ.”

ಸೇನೆಯ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಪರೇಡ್ ಮತ್ತು ಆರ್ಡರ್. ಸುಬೇದಾರನಂಥ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಆದವನ ಕೆಲಸ ಅದಕ್ಕಿಂತ ದೊಡ್ಡದು. ಮೇಲಿನ ಅಧಿಕಾರಿಗೂ ಕೆಳಗಿನ ಜವಾನನಿಗೂ ನಡುವೆ ನಿಂತು, ಅವರ ಮಾತು ಇವರಿಗೆ ಇವರ ಕಷ್ಟ ಅವರಿಗೆ ಮುಟ್ಟಿಸುವವನು ಅವನು. ಮನೆಯಿಂದ ಕಾಗದ ಬಂದ ಹುಡುಗನ ಮುಖ ನೋಡಿಯೇ ಏನೋ ಆಗಿದೆ ಅಂತ ಗುರುತಿಸುವವನು. ರಾಜಕಾರಣಕ್ಕೆ ಬೇಕಾದದ್ದು ಇದೇ ಕಲೆ. ಅದು ಅವರ ಬಳಿ ಮೊದಲಿನಿಂದಲೂ ಇತ್ತು. ಜನ ತನ್ನಿಂದ ಪರೇಡನ್ನೇ ಬಯಸುತ್ತಾರೆ ಅಂದುಕೊಂಡು 2018ರಲ್ಲಿ ಅದನ್ನು ಹೊರಗೆ ತೆಗೆದಿರಲಿಲ್ಲ.

ಆಮೇಲೆ ಕರ ವಸೂಲಿಗೆ ಇಳಿದರು. ಬಾಕಿದಾರರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುವ ಮೊದಲು ತಮ್ಮ ಮನೆಯ ಬಾಕಿ ಕಟ್ಟಿ ರಸೀದಿಯನ್ನು ಮೇಲೆ ಅಂಟಿಸಿದರು. ಸದಸ್ಯರ ಮನೆಗೆ ತಾವೇ ಹೋದರು. ಸ್ವಲ್ಪ ಸ್ವಲ್ಪವಾಗಿ ಸಂಬಳ ಶುರುವಾಯಿತು. ವಾಟರ್‌ಮನ್ ಕೆಲಸಕ್ಕೆ ಬಂದ. ದೊಡ್ಡ ಮನೆತನದವರು ಸಭೆಗೂ ಬಂದರು.

ಗ್ರಾಮ ಸಭೆಯ ರೀತಿಯನ್ನೂ ಬದಲಿಸಿದರು. ಸೇನೆಯಲ್ಲಿ ಸೈನಿಕ ಸಮ್ಮೇಳನ ಅಂತ ನಡೆಯುತ್ತದೆ. ಜವಾನರು ಎದ್ದು ನಿಂತು ತಮ್ಮ ತೊಂದರೆ ಹೇಳುತ್ತಾರೆ, ಹಿಂದಿನ ಸಲ ಹೇಳಿದ್ದಕ್ಕೆ ಏನಾಯಿತು ಅಂತ ಉತ್ತರ ಕೊಡಬೇಕಾಗುತ್ತದೆ. ಅದನ್ನೇ ತಂದರು. ಸಭೆ ಶುರುವಾದ ಕೂಡಲೇ ಹಿಂದಿನ ಸಭೆಯ ದೂರುಗಳನ್ನು ಓದುವುದು, ಪ್ರತಿಯೊಂದಕ್ಕೂ ಆಯಿತು ಅಥವಾ ಆಗಲಿಲ್ಲ ಅಂತ ಹೇಳುವುದು, ಆಗದಿದ್ದರೆ ಯಾಕೆ ಅಂತ ಹೇಳುವುದು. ಅಧ್ಯಕ್ಷರ ಭಾಷಣ ಕೊನೆಗೆ, ಅದೂ ಸಮಯ ಉಳಿದರೆ.

ಹುಕುಂ ಎಲ್ಲೂ ಬೇಡ ಅಂತ ನಾನು ಹೇಳುತ್ತಿಲ್ಲ. 2021ರ ಬೇಸಿಗೆಯಲ್ಲಿ ಕೊರೊನಾ ಎರಡನೇ ಅಲೆ ಹಳ್ಳಿಗೆ ನುಗ್ಗಿದಾಗ ಪಂಚಾಯಿತಿ ಕಾರ್ಯಪಡೆಗೆ ಬೇಕಾದದ್ದೇ ಹುಕುಂ. ಯಾವ ಮನೆಯಲ್ಲಿ ಜ್ವರ, ಯಾರಿಗೆ ರೇಷನ್, ಆಂಬುಲೆನ್ಸ್ ಯಾವ ದಾರಿಯಲ್ಲಿ ಬರಬೇಕು ಅಂತ ಅವರು ಹೇಳಿದಂತೆ ಎಲ್ಲರೂ ಕೇಳಿದರು. ಅಷ್ಟರೊಳಗೆ ಅವರು ಎಲ್ಲರ ಮನೆಯ ಚಹಾ ಕುಡಿದಿದ್ದರು.

2023ರ ಟಿಕೆಟ್

ಮುಂದಿನ ಮೆಟ್ಟಿಲು ಜಿಲ್ಲಾ ಪಂಚಾಯಿತಿ ಆಗಬೇಕಿತ್ತು. ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಮುಂದಕ್ಕೆ ಹೋಗಿ, 2023ರ ವಿಧಾನಸಭೆ ಚುನಾವಣೆ ಬಂದರೂ ಅದು ನಡೆದಿರಲಿಲ್ಲ. ಹಣ, ಮನೆತನದ ಬಲ ಇಲ್ಲದವರಿಗೆ ಇದರಿಂದ ಆದ ನಷ್ಟ ಸಣ್ಣದಲ್ಲ. ಗ್ರಾಮ ಪಂಚಾಯಿತಿಯಿಂದ ವಿಧಾನಸಭೆಗೆ ಹೋಗುವ ಏಣಿಯ ನಡುವಿನ ಮೆಟ್ಟಿಲುಗಳೇ ಇಲ್ಲದಂತಾದವು.

ಹಾಗಾಗಿ ಸುಬೇದಾರರು ಒಂದು ಪಕ್ಷ ಸೇರಿದರು, ಟಿಕೆಟ್‌ಗೆ ಅರ್ಜಿ ಹಾಕಿದರು. ಸಮೀಕ್ಷೆಯಲ್ಲಿ ಹೆಸರು ಬಂತು. ಮಾತುಕತೆಗೆ ಕರೆದವರು ಕೇಳಿದ್ದು ಒಂದೇ, ಎಷ್ಟು ಖರ್ಚು ಮಾಡುತ್ತೀರಿ ಅಂತ. ಆ ಹೊತ್ತಿಗೆ ಖರ್ಚಿನ ಮಿತಿ 40 ಲಕ್ಷಕ್ಕೆ ಏರಿತ್ತು. ಅಷ್ಟು ತಮ್ಮ ಬಳಿ ಇಲ್ಲ ಅಂತ ಅವರು ನೇರವಾಗಿ ಹೇಳಿದರು. ಟಿಕೆಟ್ ಬೇರೆಯವರಿಗೆ ಹೋಯಿತು.

ಬೆಂಬಲಿಗರು ಕೆರಳಿದರು. ಬಂಡಾಯ ಅಭ್ಯರ್ಥಿಯಾಗಿ ನಿಲ್ಲಲೇಬೇಕು ಅಂತ ಹಟ ಹಿಡಿದರು. ಸುಬೇದಾರರು ಒಂದು ರಾತ್ರಿ ಟೈಮ್ ಕೇಳಿದರು. ಮರುದಿನ ನಿಲ್ಲುವುದಿಲ್ಲ ಅಂತ ಹೇಳಿದರು. ಪಕ್ಷದ ಮುಖಂಡರ ಬಳಿ ಹೋಗಿ ಎರಡು ಕೇಳಿದರು. ತಮ್ಮ ಹೋಬಳಿಯ ಬೂತ್ ಸಮಿತಿ ಮಾಡುವ ಜವಾಬ್ದಾರಿ ತಮಗೆ ಬೇಕು, ಮಾಜಿ ಸೈನಿಕರ ವಿಷಯದಲ್ಲಿ ರಾಜ್ಯ ಮಟ್ಟದಲ್ಲಿ ಮಾತಾಡುವ ಜಾಗ ಬೇಕು. ಹಣ ಕೇಳಲಿಲ್ಲ. ನಿಗಮ ಮಂಡಳಿಯಲ್ಲಿ ಸ್ಥಾನವನ್ನೂ ಕೇಳಲಿಲ್ಲ.

ಈ ನಿರ್ಧಾರದ ಬಗ್ಗೆ ಊರಲ್ಲಿ ಇವತ್ತಿಗೂ ಜಗಳ ಇದೆ. ಕೆಲವು ಹುಡುಗರು ಅವರನ್ನು ಬಿಟ್ಟುಹೋದರು, ಮಾರಿಕೊಂಡರು ಅಂತಲೂ ಅಂದರು. ನನ್ನ ಪ್ರಕಾರ ಅವರು ಮಾಡಿದ್ದು ಸರಿ. ಪಕ್ಷೇತರನಾಗಿ ಇನ್ನೊಮ್ಮೆ ನಿಂತಿದ್ದರೆ ಐದು ವರ್ಷದಲ್ಲಿ ಗಳಿಸಿದ ನಂಬಿಕೆಯನ್ನು ಹದಿನೈದು ದಿನದಲ್ಲಿ ಪಣಕ್ಕಿಟ್ಟಂತೆ ಆಗುತ್ತಿತ್ತು. ಹೆಸರಾಂತ ಸೈನಿಕರಿಗೂ ಈ ದಾರಿ ಕೈ ಹಿಡಿದಿಲ್ಲ. ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರೇ 1971ರಲ್ಲಿ ಮುಂಬೈನಿಂದ ಲೋಕಸಭೆಗೆ ನಿಂತು ಸೋತರು. ಏರ್ ಡೆಕ್ಕನ್ ವಿಮಾನ ಸಂಸ್ಥೆ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ಸೋತರು. 2024ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಗೆದ್ದ ಕ್ಯಾಪ್ಟನ್ ಬ್ರಿಜೇಶ್ ಚೌಟ ಪಕ್ಷದ ಸಂಘಟನೆಯಲ್ಲಿ ದುಡಿದ ಮೇಲೆ ಟಿಕೆಟ್ ಪಡೆದವರು.

ದೊಡ್ಡ ಹುದ್ದೆಯಿಂದ ಬಂದವರ ಕಥೆಯೂ ಸರಳ ಏನಲ್ಲ. ಮೇಜರ್ ಜನರಲ್ ಆಗಿದ್ದ ಬಿ.ಸಿ. ಖಂಡೂರಿ ಎರಡು ಸಲ ಉತ್ತರಾಖಂಡದ ಮುಖ್ಯಮಂತ್ರಿಯಾದರು. 2012ರಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ ಕೋಟ್‌ದ್ವಾರದಲ್ಲಿ ಸ್ವಂತ ಸೀಟು ಸೋತರು. ಪಂಜಾಬಿನ ಮುಖ್ಯಮಂತ್ರಿಯಾಗಿದ್ದ ಅಮರಿಂದರ್ ಸಿಂಗ್ ಹೆಸರಿನ ಮುಂದೆ ಕ್ಯಾಪ್ಟನ್ ಅನ್ನುವುದು ಯಾವಾಗಲೂ ಇತ್ತು, ಆದರೆ ಅವರ ಬೆನ್ನಿಗೆ ಪಟಿಯಾಲದ ರಾಜಮನೆತನವೂ ಇತ್ತು. ಸಿಪಾಯಿಯಿಂದ ಸುಬೇದಾರ್ ಆದವರಿಗೆ ಇಂಥ ಆಸರೆ ಇರುವುದಿಲ್ಲ. ಅವರು ಈ ಹೆಸರುಗಳನ್ನು ನೋಡಿ ತಮ್ಮ ಲೆಕ್ಕ ಹಾಕಬಾರದು.

ಈಗ ಎಲ್ಲಿದ್ದಾರೆ

2023ರ ಚುನಾವಣೆಯಲ್ಲಿ ಅವರ ಪಂಚಾಯಿತಿಯ ಬೂತುಗಳಲ್ಲಿ ಪಕ್ಷಕ್ಕೆ ಲೀಡ್ ಬಂತು. ಕೇಳಿದ ಎರಡೂ ಸಿಕ್ಕವು. ರಾಜ್ಯ ಘಟಕದ ಸಭೆಯಲ್ಲಿ ಅವರು ಹಿಡಿದ ಪಟ್ಟು ಒಂದೇ. ಸೈನಿಕ ಕಲ್ಯಾಣ ಕಚೇರಿ ಇರುವುದು ಜಿಲ್ಲಾ ಕೇಂದ್ರದಲ್ಲಿ, ಮುದುಕಿಯರು ಬಸ್ ಹತ್ತಿ ಅಲ್ಲಿಗೆ ಹೋಗಲಾರರು, ಕಚೇರಿಯೇ ತಾಲ್ಲೂಕಿಗೆ ಬರಬೇಕು ಅಂತ. ಪಿಂಚಣಿಯೆಲ್ಲ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋದ ಮೇಲೆ ಈ ಒತ್ತಾಯ ಇನ್ನೂ ಜಾಸ್ತಿಯಾಗಿತ್ತು. ಪಾಸ್‌ವರ್ಡ್ ಮರೆತವರು, ಬೆರಳಚ್ಚು ಹೊಂದದೆ ಜೀವನ ಪ್ರಮಾಣ ಪತ್ರ ಆಗದವರು ಅವರ ಪಡಸಾಲೆಗೆ ಬಂದು ಕೂರುತ್ತಿದ್ದರು. ಅವರ ತಾಲ್ಲೂಕಿನಲ್ಲಿ ಶಿಬಿರ ಶುರುವಾಗಿದೆ. ಉಳಿದ ತಾಲ್ಲೂಕುಗಳಿಗೆ ಇನ್ನೂ ಓಡಾಡುತ್ತಿದ್ದಾರೆ.

ಅವರ ದಾರಿ ಹಿಡಿಯಬೇಕು ಅನ್ನುವ ಕಿರಿಯರಿಗೆ ನಾನು ಒಂದು ವಿಷಯ ಮುಚ್ಚಿಡದೆ ಹೇಳುತ್ತೇನೆ. ಸೋತ ಮೇಲೂ ಅವರು ನಿಲ್ಲಲು ಸಾಧ್ಯವಾದದ್ದು ತಿಂಗಳ ಪೆನ್ಷನ್‌ನಿಂದ. ಅದು ಮನೆ ನಡೆಸಿತು, ಹಾಗಾಗಿ ಅವರು ಯಾರ ಹತ್ತಿರವೂ ಕೈ ಚಾಚದೆ ಪಡಸಾಲೆಯಲ್ಲಿ ಕೂತು ಬೇರೆಯವರ ಅರ್ಜಿ ಬರೆದರು. ಪೆನ್ಷನ್ ಪಡೆಯುವುದು ಲಾಭದಾಯಕ ಹುದ್ದೆ ಅಲ್ಲ, ಅದರಿಂದ ಚುನಾವಣೆಗೆ ಅಡ್ಡಿಯೂ ಇಲ್ಲ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದವರಲ್ಲಿ ಹೆಚ್ಚಿನವರು ನಾಲ್ಕು ವರ್ಷಕ್ಕೆ ಊರಿಗೆ ಬರುತ್ತಾರೆ. ಕೈಯಲ್ಲಿ ಒಂದು ಮೊತ್ತ ಇರುತ್ತದೆ, ಪೆನ್ಷನ್ ಇರುವುದಿಲ್ಲ. ಚಿಕ್ಕ ವಯಸ್ಸು, ಊರಿನ ಸಂಪರ್ಕ ಪೂರ್ತಿ ಕಡಿದಿರುವುದಿಲ್ಲ, ಅದು ಅವರಿಗೆ ಅನುಕೂಲ. ಆದರೆ ಆ ಮೊತ್ತವನ್ನು ಒಂದು ಚುನಾವಣೆಗೆ ಸುರಿದರೆ ಮತ್ತೆ ಎದ್ದು ನಿಲ್ಲಲು ಏನೂ ಉಳಿಯುವುದಿಲ್ಲ. ಅಂಥ ಹುಡುಗರು ಸಲಹೆಗೆ ಬಂದರೆ ಸುಬೇದಾರರು ಮೊದಲು ಮನೆಯ ಆದಾಯ ಕೇಳುತ್ತಾರೆ, ಆಮೇಲೆ ಹೆಂಡತಿ ಅಥವಾ ತಾಯಿ ಏನನ್ನುತ್ತಾರೆ ಅಂತ ಕೇಳುತ್ತಾರೆ. ಕ್ಷೇತ್ರದ ಮಾತು ಮೂರನೆಯದು.

ಜಿಲ್ಲಾ ಪಂಚಾಯಿತಿ ಚುನಾವಣೆ ಘೋಷಣೆಯಾದರೆ ನಿಲ್ಲುವ ಮನಸ್ಸು ಅವರಿಗಿದೆ. ಅವರ ಕ್ಷೇತ್ರ ಯಾವ ವರ್ಗಕ್ಕೆ ಮೀಸಲಾಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮಹಿಳೆಗೆ ಬಂದರೆ ಅಕ್ಕಾರನ್ನೇ ನಿಲ್ಲಿಸಿ ಅಂತ ಪಕ್ಷದವರು ಈಗಲೇ ಮನೆಗೆ ಬಂದು ಹೋಗಿದ್ದಾರೆ. ನಿಂತರೆ ಗಂಡ ಸಭೆಯಲ್ಲಿ ತನ್ನ ಪರವಾಗಿ ಮಾತಾಡಬಾರದು, ಅರ್ಜಿ ಬರೆಯುವ ಕೆಲಸ ಮಾತ್ರ ಮಾಡಬೇಕು ಅಂತ ಅವರು ಷರತ್ತು ಹಾಕಿದ್ದಾರೆ. ಸುಬೇದಾರರು ಒಪ್ಪಿದ್ದಾರೆ.